ಗಣಪತಿಯನ್ನು ಎತ್ತಿಟ್ಟ ಕಳ್ಳ

2006ರ ಜುಲೈ 17, ಸೋಮವಾರ ಬೆಳಗ್ಗೆ ಟೆಕ್ಸಾಸಿನ ಕ್ಯಾರಲ್ಟನ್ ಪೊಲೀಸ್ ಠಾಣೆಗೆ ಒಂದು ದೂರು ಬಂತು. ಇಂಡಿಯನ್ ದಿನಸಿ ಅಂಗಡಿಯ ಮುಂದೆ ನಿಲ್ಲಿಸಿದ್ದ ಕಾರಿನ ಗಾಜು ಒಡೆದು ಯಾರೋ ಪಾಸ್‌ಪೋರ್ಟ್ ಕದ್ದಿದ್ದಾರೆ ಎಂದು. ದೂರುದಾರ ಚಂದ್ರಮೋಹನ, ವಯಸ್ಸು ಮೂವತ್ತಾರು, ಸಾಫ್ಟ್‌ವೇರ್ ಕೆಲಸ, ಮನೆ ಹತ್ತಿರದ ಲಿಟಲ್ ಎಲ್ಮ್ ಊರಲ್ಲಿ.

ಕೇಸು ಡಿಟೆಕ್ಟಿವ್ ಉದಯಶಂಕರ ಅವರ ಮೇಜಿಗೆ ಬಂತು. ಅವರು ಹತ್ತನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಮೈಸೂರು ಬಿಟ್ಟು ಬಂದವರು. ಗುಜರಾತಿಯಾಗಲಿ, ಮಲಯಾಳಿಯಾಗಲಿ, ಇಂಡಿಯನ್ ಹೆಸರಿನ ಕೇಸೆಲ್ಲ ಅವರ ತಲೆಗೇ ಕಟ್ಟುವುದು ಆ ಠಾಣೆಯ ರೂಢಿ. ಜೊತೆಗೆ ಆಫೀಸರ್ ಒರ್ಟೆಗಾ ಎಂಬ ಹುಡುಗಿಯನ್ನು ಕರೆದುಕೊಂಡು ಅವರು ಸ್ಥಳಕ್ಕೆ ಹೋದರು. ನಮ್ಮೂರಲ್ಲಾದರೆ ಎಫ್‌ಐಆರ್, ಪಂಚನಾಮೆ, ಇಬ್ಬರು ಪಂಚರು, ಅವರಿಗೆ ಚಹಾ ಎಲ್ಲ ಆಗಬೇಕಿತ್ತು. ಇಲ್ಲಿ ಒರ್ಟೆಗಾಳ ಕ್ಯಾಮೆರಾ ಮತ್ತು ಒಂದು ರಿಪೋರ್ಟು, ಅಷ್ಟೆ.

ಡ್ರೈವರ್ ಪಕ್ಕದ ಸೀಟಿನ ಕಿಟಕಿ ಪುಡಿಪುಡಿಯಾಗಿತ್ತು. ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಹಾಗೇ ಇತ್ತು.

"ಪಾಸ್‌ಪೋರ್ಟ್ ಎಲ್ಲಿತ್ತು?"

"ಗ್ಲೋವ್ ಬಾಕ್ಸಲ್ಲಿ ಸರ್."

"ಲ್ಯಾಪ್‌ಟಾಪ್ ಬಿಟ್ಟು ಪಾಸ್‌ಪೋರ್ಟ್ ತಗೊಂಡು ಹೋದ್ನಾ?"

"ಕಳ್ಳನ ಮನಸ್ಸು ನನಗೇನು ಗೊತ್ತು ಸರ್?"

ಉದಯಶಂಕರ ಗ್ಲೋವ್ ಬಾಕ್ಸ್ ತೆರೆದರು. ಒಳಗೆ ಮಡಿಸಿದ ಕರ್ಚೀಫು, ಅದರಲ್ಲಿ ಸುತ್ತಿದ ಬೆರಳುದ್ದದ ಹಿತ್ತಾಳೆ ಗಣಪತಿ. ಮೇಲೆ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಗಣಪತಿಯನ್ನು ಅಂಟಿಸಿದ್ದ ಗೋಂದಿನ ಗುರುತು ಇನ್ನೂ ಹಸಿಯಾಗಿಯೇ ಇತ್ತು. ಆ ಗೋಂದಿನ ಮೇಲೆ ಗಾಜಿನ ಚೂರುಗಳು ಅಂಟಿದ್ದವು. ಎಂದರೆ ಗಾಜು ಒಡೆಯುವ ಮೊದಲೇ ಯಾರೋ ಗಣಪತಿಯನ್ನು ಕಿತ್ತು, ಪೆಟ್ಟಾಗದಂತೆ ಸುತ್ತಿ ಒಳಗಿಟ್ಟಿದ್ದರು. ಟೆಕ್ಸಾಸಿನಲ್ಲಿ ಇಷ್ಟು ದೈವಭಕ್ತ ಕಳ್ಳ ಇದ್ದಾನೆಂದು ಉದಯಶಂಕರ ಅವರಿಗೆ ಗೊತ್ತಿರಲಿಲ್ಲ.

ಅವರು ಏನೂ ಕೇಳಲಿಲ್ಲ. ಚಂದ್ರಮೋಹನನೇ ಅವಸರದಲ್ಲಿ ಹೇಳಿದ: "ಗಣಪತೀನ ನಾನು ಯಾವಾಗಲೂ ಒಳಗೇ ಇಡ್ತೀನಿ ಸರ್." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಠಾಣೆಗೆ ಮರಳಿ ಅವರು ಡ್ರೈವಿಂಗ್ ಲೈಸೆನ್ಸಿನ ದಾಖಲೆ ತೆಗೆಸಿದರು. ಫೋಟೋದಲ್ಲಿ ದಟ್ಟ ಕೂದಲು, ಹುರಿ ಮೀಸೆ. ಈಗ ನೋಡಿದ ಮನುಷ್ಯನ ತಲೆಯಲ್ಲಿ ಎಲ್ಲ ಕಡೆಯೂ ಒಂದೇ ಸಮದ ಗಿಡ್ಡ ಕೂದಲು, ಮೀಸೆ ಆಗಷ್ಟೇ ಕುಡಿಯೊಡೆಯುತ್ತಿತ್ತು. "ಬೇಸಿಗೆಗೆ ಬೋಳಿಸಿರಬಹುದು" ಎಂದಳು ಒರ್ಟೆಗಾ. ಉದಯಶಂಕರ ಅಲ್ಲವೆಂದು ತಲೆಯಾಡಿಸಿದರು. ಸೆಖೆಗೆ ತಲೆ ಬೋಳಿಸುವವನು ಮೀಸೆ ಬೋಳಿಸುವುದಿಲ್ಲ. ಅವರೂ ಹಿಂದೊಮ್ಮೆ ಬಾತ್‌ರೂಮಿನಲ್ಲಿ ಒಬ್ಬರೇ ನಿಂತು ಎರಡನ್ನೂ ತೆಗೆದಿದ್ದರು. ಮರುದಿನ ಆಫೀಸಿನಲ್ಲಿ ಎಲ್ಲರೂ ಹೊಸ ಸ್ಟೈಲ್ ಚೆನ್ನಾಗಿದೆ ಎಂದಿದ್ದರು.

ಮಂಗಳವಾರ ಮಧ್ಯಾಹ್ನ ಚಂದ್ರಮೋಹನನನ್ನು ಠಾಣೆಗೆ ಕರೆಸಿದರು. ಮಾತಾಡದೇ ಇರುವ ಹಕ್ಕು ನಿಮಗಿದೆ, ವಕೀಲರನ್ನು ಕರೆಸುವ ಹಕ್ಕೂ ಇದೆ ಎಂದು ಒರ್ಟೆಗಾ ಓದಿ ಹೇಳಿದಳು. ಅವನು ಬೇಡವೆಂದ. ಉದಯಶಂಕರ ಕನ್ನಡದಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಮನೇಲಿ ಯಾರು ಹೋದ್ರು?"

ಚಂದ್ರಮೋಹನ ತನ್ನ ಗಿಡ್ಡ ಕೂದಲ ಮೇಲೆ ಕೈಯಾಡಿಸಿಕೊಂಡ. "ಅಪ್ಪ" ಎಂದ.

ಆಮೇಲೆ ಎಲ್ಲವನ್ನೂ ತಾನೇ ಹೇಳಿದ. ಮಂಡ್ಯದ ಕಡೆ ಊರು. ಕಾಲೇಜಿನಲ್ಲಿ ಜೊತೆಗಿದ್ದ ನಳಿನಿಯನ್ನು ಜಾತಿ ಮೀರಿ ಮದುವೆಯಾಗಿದ್ದ. ಅವನ ಅಪ್ಪನ ಕಡೆಯವರು ನಳಿನಿಯ ಅಣ್ಣ ವೆಂಕಟೇಶನನ್ನು ಗದ್ದೆ ಬದುವಿನಲ್ಲಿ ಕಡಿದು ಹಾಕಿದರು. ಅಲ್ಲಿನ ಠಾಣೆಯಲ್ಲಿ ದೂರನ್ನೇ ತೆಗೆದುಕೊಳ್ಳಲಿಲ್ಲ. ಮುಂದಿನ ಸರದಿ ತಮ್ಮದೆಂದು ಗೊತ್ತಾಗಿ ಇಬ್ಬರೂ ಅಮೆರಿಕಕ್ಕೆ ಓಡಿಬಂದು ಆಶ್ರಯ ಕೇಳಿದರು. ಊರಿಗೆ ಹೋದರೆ ಅಪ್ಪ ಕೊಲ್ಲುತ್ತಾನೆ ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿದ. ಆಶ್ರಯ ಸಿಕ್ಕಿತು, ಗ್ರೀನ್ ಕಾರ್ಡೂ ಬಂತು. ನಳಿನಿಯದು ಅವನ ಮೂಲಕವೇ ಬಂದದ್ದು.

"ಜೂನಲ್ಲಿ ಅಕ್ಕ ಆಫೀಸಿಗೆ ಫೋನ್ ಮಾಡಿದ್ಲು. ಒಬ್ಬನೇ ಗಂಡು ಮಗ ಸರ್ ನಾನು."

"ಆಶ್ರಯ ಪಡೆದವರಿಗೆ ಬೇರೆ ಪ್ರಯಾಣ ಪತ್ರ ಕೊಡ್ತಾರಲ್ಲ?"

"ಅದು ಬರೋಕೆ ತಿಂಗಳುಗಟ್ಟಲೆ ಬೇಕು. ತಿಥಿ ಕಾಯಲ್ವಲ್ಲ. ಇಂಡಿಯನ್ ಪಾಸ್‌ಪೋರ್ಟ್ ಇತ್ತು, ಅದರಲ್ಲೇ ಹೋದೆ."

ಹೆಂಡತಿಗೆ ಹ್ಯೂಸ್ಟನ್‌ನ ತೈಲ ಕಂಪನಿಗಳ ಬಡಾವಣೆ ಎನರ್ಜಿ ಕಾರಿಡಾರಿನಲ್ಲಿ ಎರಡು ವಾರ ಪ್ರಾಜೆಕ್ಟ್ ಕೆಲಸ ಎಂದು ಹೇಳಿದ್ದ. ವಾಪಸ್ ಬಂದಾಗ ಏರ್‌ಪೋರ್ಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ಅಲ್ಲಿಗೆ ಮುಗಿಯಿತು ಎಂದುಕೊಂಡ. ಆದರೆ ಪೌರತ್ವದ ಅರ್ಜಿಗೆಂದು ಆಸ್ಟಿನ್‌ನ ವಕೀಲೆ ಗಂಡ ಹೆಂಡತಿ ಇಬ್ಬರೂ ಪಾಸ್‌ಪೋರ್ಟ್ ಹಿಡಿದು ಬರಬೇಕೆಂದಳು. ಪಕ್ಕದಲ್ಲಿ ನಳಿನಿ ಕೂತಿರುತ್ತಾಳೆ, ಪುಟದಲ್ಲಿ ಬೆಂಗಳೂರಿನ ಮೊಹರು ಇರುತ್ತದೆ. ಅವನು ಪಾಸ್‌ಪೋರ್ಟನ್ನು ಮನೆ ಹತ್ತಿರದ ಕೆರೆಗೆಸೆದ. ಕಳೆದುಹೋಗಿದ್ದರೆ ಪೊಲೀಸ್ ರಿಪೋರ್ಟ್ ತನ್ನಿ ಎಂದರು ವಕೀಲರ ಆಫೀಸಿನವರು. ಅದಕ್ಕೇ ಗಾಜು ಒಡೆದ.

"ಊರಿಗೆ ಹೋಗಿದ್ದಕ್ಕೆ ವಕೀಲರು ಏನಾದ್ರೂ ಉತ್ತರ ಕೊಡಬಹುದಿತ್ತು" ಎಂದರು ಉದಯಶಂಕರ. "ಹೆದರಿಸ್ತಿದ್ದವನೇ ಸತ್ತಮೇಲೆ ಹೋದೆ ಅನ್ನಬಹುದಿತ್ತು. ಸುಳ್ಳು ದೂರಿಗೆ ಏನು ಹೇಳ್ತೀರಿ? ಈಗ ನಿಮ್ಮ ಫೈಲು ತೆಗೀತಾರೆ, ಅದರ ಜೊತೆಗೆ ನಿಮ್ಮ ಹೆಂಡತಿಯದ್ದೂ."

"ಗೌರ್ಮೆಂಟಿಗೆ ಹೆದರಿ ಮಾಡ್ಲಿಲ್ಲ ಸರ್. ಅವಳಣ್ಣನ್ನ ಕೊಲ್ಲಿಸಿದವನಿಗೋಸ್ಕರ ನಾನು ಅಳ್ತಿದೀನಿ ಅಂತ ಅವಳಿಗೆ ಹೆಂಗೆ ಹೇಳ್ಲಿ?"

ಸುಳ್ಳು ದೂರು ಕೊಟ್ಟ ಆರೋಪದ ಮೇಲೆ ಅವನನ್ನು ಬಂಧಿಸಲಾಯಿತು. ಕೈಗೆ ಬೇಡಿ ಹಾಕುವಾಗ ಉದಯಶಂಕರ ಅವರಿಗೆ ತುಂಬ ಸಂಕಟವಾಯಿತು. ಆದರೂ ಹಾಕಿದರು.

ಸಂಜೆ ಐದರ ಹೊತ್ತಿಗೆ ನಳಿನಿ ಕೆಲಸದಿಂದ ನೇರ ಠಾಣೆಗೆ ಬಂದಳು. ಉದಯಶಂಕರ ವಿಷಯ ಹೇಳಲು ಶುರು ಮಾಡಿದ್ದರಷ್ಟೆ, ಅವಳೇ ತಡೆದಳು.

"ನಂಗೆ ಗೊತ್ತು ಸರ್. ಹ್ಯೂಸ್ಟನ್ನಿಂದ ಬಂದೋನು ಟೋಪಿ ಹಾಕ್ಕೊಂಡು ಬಾಗಿಲಲ್ಲಿ ನಿಂತಿದ್ದ. ಮೀಸೆ ಇರ್ಲಿಲ್ಲ. ಅವತ್ತೇ ಗೊತ್ತಾಯ್ತು."

"ಕೇಳ್ಲಿಲ್ವಾ ನೀವು?"

"ಅವನೇ ಹೇಳ್ಲಿ ಅಂತ ಕಾದೆ. ನಾನು ಸಂತೋಷಪಡ್ತೀನೇನೋ ಅಂತ ನಂಗೇ ಭಯ ಇತ್ತು." ಅವಳು ಬ್ಯಾಗನ್ನು ಮಡಿಲಿಗೆಳೆದುಕೊಂಡಳು. "ಅವನು ದಿನಾ ಶವರ್ ಬಿಟ್ಕೊಂಡು ಒಳಗೆ ಅಳ್ತಿದ್ದ. ನಾನು ಹೊರಗೆ ಟಿವಿ ಜೋರು ಮಾಡ್ತಿದ್ದೆ."

ಅವರಿಬ್ಬರೂ ಮಾತಾಡಲು ಹತ್ತು ನಿಮಿಷ ಕೊಟ್ಟರು. ಒರ್ಟೆಗಾ ಬಾಗಿಲ ಬಳಿ ನಿಂತಳು, ಉದಯಶಂಕರ ಗೋಡೆಗೊರಗಿದರು. ಗಂಡ ಹೆಂಡತಿ ಎದುರುಬದುರು ಕೂತರು. ನಳಿನಿಯೇ ಮೊದಲು ಕೇಳಿದಳು.

"ತಿಥೀಲಿ ಊಟ ಮಾಡಿದ್ಯಾ?"

ಚಂದ್ರಮೋಹನ ತಲೆ ಎತ್ತಲಿಲ್ಲ. "ಇಲ್ಲ. ತಲೆ ಬೋಳಿಸ್ಕೊಂಡು, ಪಿಂಡ ಇಟ್ಟು, ಹಂಗೇ ಎದ್ದು ಬಂದೆ. ಅಕ್ಕ ನೀರು ತಂದ್ಲು, ಕುಡೀಲಿಲ್ಲ. ವೆಂಕಟೇಶನ್ನ ಕಡಿದೋರ ಮನೇಲಿ ನಾನು ಹೆಂಗೆ ನೀರು ಕುಡೀಲಿ ನಳಿನಿ?"

ನಳಿನಿ ಬೇಡಿ ಹಾಕಿದ್ದ ಅವನ ಕೈಗಳ ಮೇಲೆ ಹಣೆಯಿಟ್ಟು ಅತ್ತಳು. ಅವನೂ ಅತ್ತ.

ಹೊರಗೆ ಬಂದ ಮೇಲೆ ಒರ್ಟೆಗಾ ಮೆಲ್ಲಗೆ ಕೇಳಿದಳು, ಅವರು ಏನು ಮಾತಾಡಿಕೊಂಡರು ಎಂದು.

"ಊಟದ ವಿಚಾರ" ಎಂದರು ಉದಯಶಂಕರ.