ಒಂದೇ ಬಾಯಿಯ ಶಪಥ

“ಆ ಮೂರು ಮಾತು ನೀವೊಬ್ರೇ ಆಡಬ್ಯಾಡ್ರಿ ಅಳಿಯಾವ್ರ. ಮೇಳದವ್ರ ಬಾಯಿಗಿ ಬಿಡ್ರಿ.”

ಆಟದ ಮಾಸ್ತರ ಅಮೋಘಸಿದ್ದ ಇಷ್ಟು ಹೇಳಿ, ಹೇಳಿದ್ದೇ ಹೆಚ್ಚಾಯಿತೇನೋ ಎಂಬಂತೆ ಸುತ್ತ ನೋಡಿದ. ಚಂದ್ರಾಮಪ್ಪ ಕನ್ನಡಿಯಿಂದ ಮುಖ ತಿರುಗಿಸದೆ ನಕ್ಕ. ಸೋಲಾಪುರದ ನಾಟಕ ಕಂಪನಿಯಲ್ಲಿ ರಾಜನ ಪಾರ್ಟು ಕಟ್ಟುವವನು. ಹೆರಿಗೆಗೆಂದು ಕರಜಗಿಯ ತವರಿಗೆ ಬಂದಿದ್ದ ಹೆಂಡತಿ ರೇವಮ್ಮನನ್ನು ನೋಡಲು ಬಂದಾಗ ಊರವರು ಯುವರಾಜನ ಪಾರ್ಟಿಗೆಂದು ಹಿಡಿದು ನಿಲ್ಲಿಸಿಕೊಂಡಿದ್ದರು. ಹಳ್ಳಿಯ ಆಟಕ್ಕೆ ಕಂಪನಿಯ ನಟ! ಅಳಿಯನ ತಲೆ ಆಗಲೇ ಕಿರೀಟಕ್ಕಿಂತ ದೊಡ್ಡದಾಗಿತ್ತು.

ಆಟ ಎಲ್ಲರಿಗೂ ಗೊತ್ತಿರುವ ಪುರಾಣದ್ದೇ. ಮುಪ್ಪಿನಲ್ಲಿ ರಾಜ ಇನ್ನೊಂದು ಮದುವೆಗೆ ಹಂಬಲಿಸುತ್ತಾನೆ. ನಮ್ಮ ಮಗಳ ಹೊಟ್ಟೆಯಲ್ಲಿ ಹುಟ್ಟಿದವನಿಗೇ ಪಟ್ಟ ಎಂದು ಹೆಣ್ಣಿನ ಕಡೆಯವರು ಪಟ್ಟು ಹಿಡಿಯುತ್ತಾರೆ. ಆಗ ಯುವರಾಜ ಶಪಥ ಮಾಡುತ್ತಾನೆ. ಪಟ್ಟ ಬೇಡ, ಹೆಂಡತಿ ಬೇಡ, ಮಕ್ಕಳು ಬೇಡ. ಬೇರೆ ಊರುಗಳಲ್ಲಿ ಯುವರಾಜನೇ ಇದನ್ನು ಗುಡುಗುತ್ತಾನೆ. ಕರಜಗಿಯಲ್ಲಿ ಮಾತ್ರ ಅವನು ಕೈ ಎತ್ತಿ ಸುಮ್ಮನೆ ನಿಲ್ಲುತ್ತಾನೆ. ಹಿಂದೆ ನಿಂತು ಹಾಡುವ ಮೇಳದವರು ಒಬ್ಬೊಬ್ಬರು ಒಂದೊಂದು ಚೂರು ಹೇಳಿ ಶಪಥ ಮುಗಿಸುತ್ತಾರೆ. ಹಾಗೆ ಹಂಚಿದ ಶಪಥ ಯಾರ ತಲೆಗೂ ಬರುವುದಿಲ್ಲ ಎಂಬುದು ಊರಿನ ಲೆಕ್ಕ.

“ಹಂಗ್ಯಾಕ್ರಿ ಮಾಸ್ತರ?”

ಅಮೋಘಸಿದ್ದ ದನಿ ತಗ್ಗಿಸಿದ. “ನಮ್ಮ ಅಜ್ಜನ ಕಾಲದಾಗ ನಿಂಬೆವ್ವ ಅಂತ ಒಬ್ಬಾಕಿ ಇದ್ಳರಿ. ಆಕಿನ್ನ ಲಗ್ನ ಆಗ್ತೇನಂದಾಂವ ಈ ಪಾರ್ಟು ಕಟ್ಟಿದ್ದ. ಮರುದಿನ, ಊರ ಮುಂದ ಆಣಿ ಮಾಡೇನಿ, ನನಗ ಹೆಂಡ್ತಿ ಬ್ಯಾಡ ಅಂದುಬಿಟ್ಟ. ಆಟದ ಮಾತು ನೆವ ಮಾಡ್ಕೊಂಡ. ಆಕಿ ತಲಿಗೂದಲ ಕಿತ್ತು ಕಿರೀಟದಾಗ ಹೊಲದ್ಳು. ಇನ್ನ ಮ್ಯಾಲ ಇದನ್ನ ಹೊತ್ತು ಆಡಿದ್ದು ಖರೇನೇ ಆಗ್ಲಿ ಅಂದು ಭೀಮಾ ಹೊಳಿಗಿ ಹಾರಿದ್ಳು.”

“ಕಿರೀಟ ಸುಟ್ಟುಬಿಡ್ರಿ ಮತ್ತ.”

“ಸುಟ್ಟೀವಿ. ಹೊಸಾದು ಮಾಡಿದ್ರೂ ಕೂದಲ ಬರ್ತೈತ್ರಿ.”

ಚಂದ್ರಾಮಪ್ಪ ಕಿರೀಟ ತಿರುವಿ ನೋಡಿದ. ರಟ್ಟು, ಅಂಟು, ಬೇಗಡೆ. “ನಿಮ್ಮ ನಿಂಬೆವ್ವ ತಲಿ ಬೋಳಿಸ್ಕೊಂಡಾಳ ಕಾಣಸ್ತೈತಿ,” ಎಂದು ನಕ್ಕ. ಮಾಸ್ತರ ನಗಲಿಲ್ಲ.

ಹೊರಗೆ ಬಾಗಿಲ ಮರೆಯಲ್ಲಿ ರೇವಮ್ಮ ನಿಂತಿದ್ದಳು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನಿಂತ ಬಸಿರು. ಆ ಕೂಸಿಗಾಗಿ ಚಂದ್ರಾಮಪ್ಪ ಹರಕೆ ಹೊರದ ದೇವರಿಲ್ಲ, ದರ್ಗಾ ಇಲ್ಲ. ಮಾಟ ನಂಬದವನು ಹರಕೆ ಮಾತ್ರ ನಂಬುತ್ತಿದ್ದ, ನೋಡಿ.

“ಆಟದಾಗಾದ್ರೂ ಹಂಗ ಅನಬ್ಯಾಡ್ರಿ,” ಎಂದಳು ಅವಳು. “ಹೊಟ್ಟ್ಯಾಗಿಂದು ಕೇಳ್ತೈತಿ.”

“ಕೇಳ್ಲಿ ಬಿಡು. ಅಪ್ಪನ ಗಂಟಲ ಎಂಥಾದಂತ ಗೊತ್ತಾಗ್ಲಿ.”

ಅವಳ ಹೊಟ್ಟೆಯ ಮೇಲೆ ಕೈಯಿಟ್ಟ. ಒಳಗಿನಿಂದ ಕೂಸು ಒದ್ದಿತು. ಅವನಿಗೆ ಕಣ್ಣು ತುಂಬಿ ಬಂತು, ಬಣ್ಣ ಕೆಡುತ್ತದೆಂದು ತಡೆದುಕೊಂಡ.

ಶಪಥದ ಸರದಿ ಬಂದದ್ದು ಮೂಡಣ ಇನ್ನೇನು ಬೆಳ್ಳಗಾಗಬೇಕು ಎನ್ನುವ ಹೊತ್ತಿಗೆ. ಗ್ಯಾಸಬತ್ತಿಗಳು ಸುಯ್ಯೆನ್ನುತ್ತಿದ್ದವು. ಮೇಳದ ಮೊದಲನೆಯವನು ಬಾಯಿ ತೆರೆದ. ಇಷ್ಟು ಚೆಂದದ ಮಾತನ್ನು ಈ ಗೊಗ್ಗರು ಗಂಟಲುಗಳು ಹರಿದು ಹಂಚಿಕೊಳ್ಳುವುದೆ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಚಂದ್ರಾಮಪ್ಪನದು. ಕೈ ಅಡ್ಡ ಹಿಡಿದ.

“ಪಟ್ಟ ಬೇಡ!”

ಹೊಳೆಯ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಒಂದು ಬತ್ತಿ ಆರಿತು.

“ಹೆಂಡತಿ ಬೇಡ!”

ಕಿರೀಟ ಬಿಗಿಯಾಯಿತು. ಒಳಗೆ ಏನೋ ಹರಿದಾಡಿತು. ಹಣೆಯ ಮೇಲೆ ಇಳಿಯಿತು. ತಣ್ಣಗಿತ್ತು. ಒದ್ದೆಯಾಗಿತ್ತು. ಕೂದಲು. ನಿಲ್ಲಿಸಬೇಕೆಂದುಕೊಂಡ. ಮಂದಿ ಉಸಿರು ಹಿಡಿದು ಕೂತಿದ್ದರು. ಅಂಥ ಮೌನ ಸೋಲಾಪುರದಲ್ಲೂ ಅವನಿಗೆ ಸಿಕ್ಕಿರಲಿಲ್ಲ.

“ಮಕ್ಕಳು ಬೇಡ!”

ಉಳಿದ ಬತ್ತಿಗಳೂ ಆರಿದವು. ಕತ್ತಲು. ಕಿವಿಯ ಹತ್ತಿರ ಹೆಣ್ಣಿನ ಉಸಿರು.

“ಖರೇನ?”

ಮೇಳದವರೇ ಕೇಳಿದರೆಂದುಕೊಂಡ. ನಟನ ನಾಲಿಗೆ ತಡೆಯಲಿಲ್ಲ.

“ಖರೇ!”

ಚಪ್ಪಾಳೆ ಬಿತ್ತು. ಬೆಳಕು ಹರಿಯಿತು. ಚಂದ್ರಾಮಪ್ಪ ಕಿರೀಟ ಕಿತ್ತೆಸೆದು ಹೆಂಗಸರ ಕಡೆಗೆ ಓಡಿದ. ಅಮೋಘಸಿದ್ದ ತೋಳು ಹಿಡಿದ.

“ಆ ಕಡಿ ಹೆಣ್ಮಕ್ಕಳದಾರ್ರಿ. ಎಲ್ಲಿಗಿ ಹೊಂಟ್ರಿ?”

“ನನ್ನ ಹೆಂಡ್ತಿ ಅದಾಳ್ರಿ ಅಲ್ಲಿ! ನಾ ಈ ಊರ ಅಳಿಯ ಅಲ್ಲೇನ್ರಿ ಮಾಸ್ತರ?”

ಮಾಸ್ತರ ಅವನನ್ನು ಕನಿಕರದಿಂದ ನೋಡಿದ. “ಲಗ್ನಾನೇ ಆಗಿಲ್ಲಂತ ನೀವ ಅಂದಿದ್ರಲ್ರಿ, ಬಂದ ದಿನ. ಕುಣದು ದಣದೀರಿ. ಮಲಕೋರಿ.”

ಚಂದ್ರಾಮಪ್ಪ ಕೊಸರಿಕೊಂಡು ಮಾವನ ಮನೆಗೆ ಓಡಿದ. ರೇವಮ್ಮ ಅಂಗಳ ಗುಡಿಸುತ್ತಿದ್ದಳು. ಬಗ್ಗಿ, ಸಲೀಸಾಗಿ. ಹೊಟ್ಟೆ ಚಪ್ಪಟೆಯಾಗಿತ್ತು. ಕೊರಳಲ್ಲಿ ಅವನು ಕಟ್ಟಿದ ತಾಳಿ ಇರಲಿಲ್ಲ.

“ರೇವಾ, ಕೂಸು…”

ಅವಳು ಬೆಚ್ಚಿ ಸೆರಗು ಎಳೆದುಕೊಂಡಳು. ಅವನು ಮಣ್ಣಿನಲ್ಲಿ ಕೂತುಬಿಟ್ಟ. ಆಡಿದ್ದನ್ನು ಹಿಂದಕ್ಕೆ ಪಡೆಯಲು ಬಾಯಿ ತೆರೆದ. ಹೆಂಡತಿ ಬೇಕು, ಕೂಸು ಬೇಕು ಎಂದು ಅತ್ತ, ಹಣೆ ನೆಲಕ್ಕೆ ಬಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಒಳಗೆ ಓಡಿ ಬಾಗಿಲು ಹಾಕಿಕೊಂಡಿದ್ದರೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಆದರೆ ರೇವಮ್ಮ ಕರುಳುಳ್ಳವಳು. ತಂಬಿಗೆಯಲ್ಲಿ ನೀರು ತಂದು ದೂರದಲ್ಲಿಟ್ಟಳು.

“ಅಳಬ್ಯಾಡ್ರಿ ಯಣ್ಣಾ. ನೀರು ಕುಡದು, ಬಿಸಲೇರೂದ್ರಾಗ ಊರಿಗಿ ಹೋಗ್ರಿ,” ಎಂದಳು. “ಮನ್ಯಾಗ ನಿಮ್ಮ ಹೆಂಡ್ತಿ ಮಕ್ಕಳು ದಾರಿ ಕಾಯತಿರಬೇಕು.”