ಮೇಲಕ್ಕೆ ಹರಿದ ಸೇತುವೆ

ಅಶ್ವತ್ಥ ಮೇಷ್ಟ್ರ ಶವ ಜಾಲಿಯ ಬುಡಕ್ಕೆ ಸಿಕ್ಕಿಕೊಂಡಿತ್ತು. ಜಯಮಂಗಲಿ ಹೊಳೆಯ ನೀರು ಇಳಿದ ಮೇಲೆ ದನ ಕಾಯುವವರ ಕಣ್ಣಿಗೆ ಬಿತ್ತು. ಯಾರೋ ತಮ್ಮ ಹೊಸ ಟವೆಲನ್ನೇ ಅವರ ಮುಖಕ್ಕೆ ಹೊದಿಸಿದ್ದರು.

ಸಬ್‌ಇನ್ಸ್‌ಪೆಕ್ಟರ್ ಶ್ರೀಲತಾ ಬರುವ ಹೊತ್ತಿಗೆ ಊರು ತೀರ್ಪು ಕೊಟ್ಟಾಗಿತ್ತು—ತಪ್ಪು ಚಿಕ್ಕಹನುಮಕ್ಕನದು. ಕಿರುಸೇತುವೆಯ ಮೇಲೆ ನೀರು ಹರಿದಾಗಲೆಲ್ಲ ದಾಟಬಹುದೋ ಬೇಡವೋ ಎಂದು ಹೇಳುವವಳು ದಂಡೆಯ ಗುಡಿಸಲಿನ ಆ ಮುದುಕಿಯೇ.

“ನಿನ್ ಮಾತ್ ಕೇಳಿ ಸತ್ರು! ಇನ್ಮ್ಯಾಲಾದ್ರೂ ಬಾಯಿ ಮುಚ್ಕಂಡಿರು,” ಎಂದು ಒಬ್ಬ ಗದರಿದ.

“ಮೊಣಕಾಲುದ್ದ ಇತ್ತು ಕಣಮ್ಮ,” ಚಿಕ್ಕಹನುಮಕ್ಕ ಶ್ರೀಲತಾ ಕಡೆಗೆ ತಿರುಗಿದಳು. “ಆಚೆ ದಡದ ಹುಣಸೆಮರ ನೋಡ್ಕಂಡು ಹೋಗಿ, ನೀರ್ ನೋಡ್ಬ್ಯಾಡಿ ಅಂತ ಇಬ್ರಿಗೂ ಹೇಳ್ದೆ. ಒಲೆ ಮೇಲೆ ಮುದ್ದೆಗೆ ಎಸರಿತ್ತು, ಒಳೀಕ್ ಹೋದೆ. ನಾನೇ ಕೊಂದ್ಬುಟ್ನಾ?”

ಮೇಷ್ಟ್ರ ಜೊತೆಗೆ ಸೇತುವೆಗೆ ಇಳಿದವನು ಪರಮೇಶ್. ಅವನ ಅಣ್ಣ ಕುಮಾರಸ್ವಾಮಿಯ ಮೇಲೆ ಹೊಡೆದಾಟದ ಕೇಸಿತ್ತು. ಕಣ್ಣಾರೆ ಕಂಡ ಸಾಕ್ಷಿ ಮೇಷ್ಟ್ರೊಬ್ಬರೇ. ಅಂದು ಇಬ್ಬರೂ ಹೊರಟಿದ್ದು ಮಧುಗಿರಿ ಕೋರ್ಟಿಗೆ.

“ಯಾರು ಮುಂದಿದ್ದರು?” ಶ್ರೀಲತಾ ಕೇಳಿದರು.

“ನಾನು ಮೇಡಂ. ಮೇಷ್ಟ್ರು ಹಿಂದೆ.”

“ನಿನ್ನ ಕೈಯಲ್ಲಿರುವ ಈ ಕೋಲು ಅವರದಲ್ಲವೇ?”

“ನಂಗೆ ನೀರಂದ್ರೆ ಭಯ. ದಂಡೇಲೇ ಕೊಟ್ರು.”

“ಬಿದ್ದದ್ದು ನೋಡಿದೆಯಾ?”

“ಇಲ್ಲ. ಅಜ್ಜಿ ಹೇಳ್ದಂಗೆ ಮರದ ಮ್ಯಾಲಿಂದ ಕಣ್ಣೇ ತೆಗೀಲಿಲ್ಲ. ದಡ ಹತ್ತಿ ತಿರುಗಿದ್ರೆ—ಯಾರೂ ಇಲ್ಲ!”

“ಮಂಡಿ ತರಚಿದೆಯಲ್ಲ?”

“ನಡೂ ಮಧ್ಯದಲ್ಲಿ ಸೇತುವೇನೇ ಜಾರ್ತು ಮೇಡಂ. ನನ್ನನ್ನೂ ಹೊತ್ಕಂಡು ಸರ್ರಂತ ನೀರಿಗೆದುರಾಗಿ ಹೊಳೆ ಮೇಲಕ್ಕೆ ಓಡ್ದಂಗಾಯ್ತು. ಮಂಡಿಯೂರಿ ಕೂತ್ಬುಟ್ಟೆ. ಮೇಷ್ಟ್ರೂ ಹಂಗೇ ಬಿದ್ದಿರ್ಬೇಕು.”

ಜನ ತಲೆಯಾಡಿಸಿದರು. ಶ್ರೀಲತಾ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಸೇತುವೆಗೆ ಇಳಿದರು. ನೀರು ಇಳಿದಿದ್ದರೂ ಸೇತುವೆಯ ಮೇಲೆ ಇನ್ನೂ ರಭಸವಾಗಿಯೇ ಹರಿಯುತ್ತಿತ್ತು. ಹುಣಸೆಮರ ನೋಡುತ್ತ ನಡೆದರು. ಏನೂ ಆಗಲಿಲ್ಲ. ನಡುವೆ ನಿಂತು, ಬಗ್ಗಿ ನೀರನ್ನೇ ನೋಡಿದರು. ಆಗಲೂ ಏನೂ ಇಲ್ಲ. ಸ್ವಲ್ಪ ಹೊತ್ತು ಕಳೆಯಿತು. ತಟ್ಟನೆ ನೀರು ನಿಂತುಬಿಟ್ಟಿತು—ಸೇತುವೆ ಹೊರಟಿತು! ಕಾಲು ಕುಸಿಯಿತು. ತಲೆಯೆತ್ತಿ ಮರ ನೋಡಿದರು. ಸೇತುವೆ ನಿಂತಿತು.

ದಡಕ್ಕೆ ಬಂದು ಶವದ ಬಳಿ ಕುಳಿತರು. ಎದೆಯ ನಡುವೆ ದುಂಡನೆಯ ಕಪ್ಪು ಗಾಯ. ಕಲ್ಲು ತಾಗಿದ್ದೆಂದು ಎಲ್ಲರೂ ಅಂದುಕೊಂಡಿದ್ದರು. ಕೋಲಿನ ತುದಿಯ ಕಬ್ಬಿಣದ ಬಳೆ ಅದರ ಮೇಲೆ ಸರಿಯಾಗಿ ಕೂತಿತು.

“ಪರಮೇಶ್, ಮರ ನೋಡುವವನಿಗೆ ಸೇತುವೆ ಓಡುವುದಿಲ್ಲ. ಕಣ್ಣ ತುಂಬ ಹರಿಯುವ ನೀರೇ ಇದ್ದರೆ, ನೀರು ನಿಂತಿದೆ, ನಾನೇ ಓಡುತ್ತಿದ್ದೇನೆ ಅನಿಸುತ್ತದೆ. ಅದಕ್ಕೂ ಒಂದಷ್ಟು ಹೊತ್ತು ನೋಡಬೇಕು. ನೀರಿನಲ್ಲಿ ಅಷ್ಟು ಹೊತ್ತು ಏನು ನೋಡುತ್ತಿದ್ದೆ?”

ಅವನು ಕೋಲಿನಿಂದ ಕಣ್ಣು ಹೊರಳಿಸಿದ.

“ನೀರಿಗೆ ಹೆದರುವವನು ಮುಂದೆ ಇಳಿಯುವುದಿಲ್ಲ; ಹಿಂದೆ ಇದ್ದವನು ನೀನು. ನಿನಗೆ ಭಯವೆಂದು ಅವರು ತಿರುಗಿ ಕೈ ಚಾಚಿದರು. ಅವರದೇ ಕೋಲಿನಿಂದ ಎದೆಗೆ ತಿವಿದೆ. ಮತ್ತೆ ಏಳುತ್ತಾರೋ ಎಂದು ನೋಡುತ್ತ ನಿಂತೆ. ಆಗ ಓಡಿತು ಸೇತುವೆ.”

ಪರಮೇಶ್ ಹೊಳೆಯತ್ತ ನೋಡಿದ. “ಮುಳುಗೋವಾಗ್ಲೂ ಕೈ ಚಾಚೇ ಇತ್ತು, ಮೇಡಂ...”

ಗದರಿದ್ದವನು ಚಿಕ್ಕಹನುಮಕ್ಕನ ಪಕ್ಕದಲ್ಲಿ ಸದ್ದಿಲ್ಲದೆ ಬಂದು ಕೂತ. ಅವಳಿಗೆ ಅದು ತಿಳಿಯಲಿಲ್ಲ.

“ಅಷ್ಟ್ ಹೇಳಿದ್ನಲ್ಲ ಕಣಮ್ಮ. ಮೇಷ್ಟ್ರು ಮರ ನೋಡ್ಲಿಲ್ವಾ?”

“ಇಲ್ಲ ಅಜ್ಜಿ,” ಎಂದರು ಶ್ರೀಲತಾ. “ಅವನನ್ನು ನೋಡಿದರು.”