ಚೌತಿಯ ಸಂಜೆ ಕಂಡದ್ದು

ನೀಲಗಂಗಾಳ ತಲೆಗೆ ಟೊಪ್ಪಿಗೆ ತೊಡಿಸಿ ಗುಂಡಿ ಒತ್ತಿದ್ದೇ ತಡ, ಎದುರಿನ ಗೋಡೆಯ ಮೇಲೆ ಅವಳ ನೆನಪು ಮೂಡತೊಡಗಿತು. ಮೊದಲು ಬಸ್ಸಿನ ಮುಂದಿನ ಗಾಜು, ಅದರ ಮೇಲೆ ತೂಗುವ ನಿಂಬೆಹಣ್ಣು, ಆಮೇಲೆ ಎರೆಹೊಲಗಳ ನಡುವಿನ ರಸ್ತೆ. ಕಂಡದ್ದನ್ನು ನೆನೆದಾಗ, ಮಿದುಳಿನ ಹಿಂಬದಿಯಲ್ಲಿ ಅಂದು ಮಿಡಿದಿದ್ದ ಜೀವಕೋಶಗಳೇ ಮತ್ತೆ ಮಿಡಿಯುತ್ತವೆ. ಆ ಮಿಡಿತವನ್ನು ಹಿಡಿದು ಚಿತ್ರವಾಗಿಸುವ ಈ ಯಂತ್ರಕ್ಕೆ, ಅದನ್ನು ಕಟ್ಟಿದ ವಿಜ್ಞಾನಿ ಮೆಹರೂನ್ ಕಿತ್ತೂರ ‘ನೋಟದರ್ಪಣ’ ಎಂದು ಹೆಸರಿಟ್ಟಿದ್ದರು.

ಹೆಸರು ಏನಾದರೂ ಇರಲಿ, ನೀಲಗಂಗಾಗೆ ಬೇಕಾದದ್ದು ತನ್ನ ಲೈಸೆನ್ಸು. ಹೆದ್ದಾರಿಗಳಲ್ಲಿ ಬಸ್ಸುಗಳು ತಾವಾಗಿಯೇ ಓಡುವ ಕಾಲ ಬಂದು ಎಷ್ಟೋ ವರ್ಷಗಳಾಗಿದ್ದವು. ಆದರೆ ದನ, ಕುರಿ, ಮದುವೆ ದಿಬ್ಬಣಗಳೆಲ್ಲ ಅಡ್ಡ ಬರುವ ಗದಗ–ಲಕ್ಷ್ಮೇಶ್ವರದ ಹಳೆಯ ರಸ್ತೆಗೆ ಮನುಷ್ಯರೇ ಬೇಕಿತ್ತು. ಹೋದ ಚೌತಿಯ ಸಂಜೆ ಆಕಾಶದಲ್ಲಿ ಬೆಳ್ಳಗೆ ಹೊಳೆಯುವ ದುಂಡನೆಯ ವಸ್ತುವೊಂದನ್ನು ಕಂಡು ಅವಳು ಬ್ರೇಕ್ ಒತ್ತಿಬಿಟ್ಟಿದ್ದಳು. ಮುಗ್ಗರಿಸಿದ ಪ್ರಯಾಣಿಕರು ದೂರು ಕೊಟ್ಟರು. ಹಿಂದಿನ ಕನ್ನಡಿಯಲ್ಲಿ, ಮೂಡಣ ದಿಕ್ಕಿಗೆ ಕಂಡೆ ಎಂದು ಅವಳು ಹೇಳಿಕೆ ಕೊಟ್ಟಳು. ಮೂಡಣದಲ್ಲಿ ಆ ಹೊತ್ತು ಏನೂ ಹಾರಿರಲಿಲ್ಲವಾದ್ದರಿಂದ ತನಿಖೆಯವರು ಭ್ರಮೆ ಎಂದು ಬರೆದರು. ಇಲ್ಲದ್ದನ್ನು ಕಾಣುವ ಕಣ್ಣಿಗೆ ಸ್ಟಿಯರಿಂಗ್ ಕೊಡುವವರು ಯಾರು? ಊರಿನವರಂತೂ ಹಾರುವ ತಟ್ಟೆ ಕಂಡವಳೆಂದು ಅವಳಿಗೆ ‘ಹಾರೂ ತಾಟಿನ ನೀಲಾ’ ಎಂದು ಅಡ್ಡಹೆಸರಿಟ್ಟು ನಕ್ಕಿದ್ದೇ ನಕ್ಕಿದ್ದು. ಇವತ್ತಿನ ಪರೀಕ್ಷೆಯೇ ಕೊನೆಯ ಅವಕಾಶ.

ಗೋಡೆಯ ಮೇಲೆ ಸಂಜೆಯ ಆಕಾಶ ಬಿಚ್ಚಿಕೊಳ್ಳತೊಡಗಿತು. ನೀಲಗಂಗಾ ಟೊಪ್ಪಿಗೆಗೆ ಕೈ ಹಾಕಿದಳು.

“ಸಾಕ್ರಿ ಅಕ್ಕಾರ, ಬಂದ್ ಮಾಡ್ರಿ.”

“ನೀ ಬ್ಯಾಡಂದ್ರ ಈಗಿಂದೀಗ ಬಂದ್ ಮಾಡ್ತೀನಿ ತಂಗಿ,” ಎಂದರು ಮೆಹರೂನ್. “ಆದ್ರ ಲೈಸೆನ್ಸು ಹೋಗತೈತಿ.”

ಅವಳು ತಲೆ ತಗ್ಗಿಸಿ ಕೂತಳು. ಹೊಟ್ಟೆಪಾಡು ಒಂದು ಕಡೆ, ಮನೆಯವರ ಭಯ ಒಂದು ಕಡೆ. ಕೊನೆಗೆ, “ಆದದ್ದಾಗಲಿ, ನಡಸ್ರಿ,” ಎಂದು ಕಣ್ಣು ಮುಚ್ಚಿಕೊಂಡಳು.

ಬೆಳ್ಳನೆಯ ದುಂಡು ಮೂಡಿತು. ಅದರ ಪಕ್ಕದಲ್ಲೇ, ಕುಡುಗೋಲಿನಷ್ಟು ತೆಳ್ಳಗೆ, ಚೌತಿಯ ಚಂದ್ರ!

ಮೆಹರೂನ್ ಕುರ್ಚಿಗೆ ಒರಗಿ ನಕ್ಕುಬಿಟ್ಟರು. “ಹಂಗಾದ್ರ ನೀ ನೋಡಿದ್ದು ಕನ್ನಡಿಯಾಗಲ್ಲ. ಎದುರಿಗೆ, ಚೌತಿ ಚಂದ್ರ ಇರೂ ಪಡುವಣಕ್ಕ.”

“ಹೌದ್ರಿ. ಬಸ್ಸಿನಾಗಿನ ಮಂದಿ ಎಲ್ಲಾ ಚಂದ್ರ ಕಾಣಬಾರದಂತ ಪರದೆ ಇಳಿಸ್ಕೊಂಡ ಕುಂತಿದ್ರು. ನಾ ಎದುರಿನ ಗಾಜಿಗೆ ಪರದೆ ಇಳಿಸಾಕ ಆಕ್ಕೈತೇನ್ರಿ? ಮನ್ಯಾಗ ನಾದಿನಿ ಮದುವಿ ಮಾತು ನಡದಿತ್ತು. ಚೌತಿ ಚಂದ್ರನ್ನ ನೋಡಿದಾಕಿ ನಾ ಅಂತ ಗೊತ್ತಾದ್ರ, ಏನ ತಪ್ಪಿದ್ರೂ ಅತ್ತಿ ನನ್ನ ತಲಿಗೇ ಕಟ್ಟತಿದ್ರು.”

“ಅಪವಾದ ಬರಬಾರದಂತ ಸುಳ್ಳ ಹೇಳಿ, ಭ್ರಮಿ ಹಿಡದಾಕಿ ಅನ್ನೂ ಅಪವಾದಾನ ತಂದ್ಕೊಂಡೆಲ್ಲ ಮಾರಾಯ್ತಿ.”

ಚಂದ್ರ ಸಿಕ್ಕಿದ ಮೇಲೆ ದಿಕ್ಕೂ ಸಿಕ್ಕಿತು, ಹೊತ್ತೂ ಸಿಕ್ಕಿತು. ಮೆಹರೂನ್ ಆ ಸಂಜೆ ಪಡುವಣದ ಆಕಾಶದಲ್ಲಿ ಹಾರಿದ್ದೆಲ್ಲದರ ದಾಖಲೆ ತೆರೆಸಿದರು. ದಾರಿ ತಪ್ಪಿ ತೇಲಿಬಂದ ಹವಾಮಾನದ ಬಲೂನೊಂದು ಅಲ್ಲಿತ್ತು. ನೆಲದ ಮೇಲೆ ಹೊತ್ತು ಮುಳುಗಿದ ಮೇಲೂ ಅಷ್ಟೆತ್ತರದಲ್ಲಿ ಬಿಸಿಲು ಉಳಿದಿರುತ್ತದೆ. ಬಲೂನು ಹೊಳೆದದ್ದು ಆ ಬಿಸಿಲಿಗೆ. ನೀಲಗಂಗಾಳ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಅವಳು ಮೆಹರೂನರ ಎರಡೂ ಕೈ ಹಿಡಿದುಕೊಂಡು ಮನಸಾರೆ ಅತ್ತಳು.

ಮುಂದಿನ ಚೌತಿಗೆ ಅವಳು ಸರಕಾರಿ ಬಸ್ಸು ನಡೆಸಿಕೊಂಡೇ ಬಂದು, ಡಬ್ಬಿ ತುಂಬ ಕಡುಬು ತಂದಿಟ್ಟಳು. ನಾದಿನಿಯ ಮದುವೆಯೂ ಸುಸೂತ್ರವಾಗಿ ಆಗಿತ್ತು.

“ನಿಮ್ಮ ಉಪಕಾರ ಈ ಜನ್ಮದಾಗ ಮರಿಯಾಂಗಿಲ್ರಿ ಅಕ್ಕಾರ. ನಿಮ್ಮ ಯಂತ್ರಕ್ಕೂ ಒಂದ ಕಡಬ ಇಡ್ರಿ.”

“ಅದಕ್ಕ ಈಗ ಕೆಲಸ ಕಡಿಮಿ,” ಎಂದರು ಮೆಹರೂನ್, ಕಡುಬು ಮುರಿಯುತ್ತ. “ನೀ ಹೋದ ಮ್ಯಾಲೆ, ಯಾರರ ಬಂದ್ರ ಟೊಪಿಗಿ ಹಾಕೂಕಿಂತ ಮೊದ್ಲ ಒಂದ ಮಾತ ಕೇಳ್ತೀನಿ. ಏನ ಹೇಳಾಕ ಅಂಜಿಕಿ ಆಗೇತಿ, ಅಂತ. ಭಾಳ ಮಂದಿ ಅಲ್ಲೇ ಎಲ್ಲಾ ಹೇಳಿಬಿಡ್ತಾರ.”

ನೀಲಗಂಗಾ ಇನ್ನೊಂದು ಕಡುಬು ತೆಗೆದು ಅವರ ಮುಂದಿಟ್ಟಳು.

“ಆವತ್ತ ನನ್ನನ್ನೂ ಹಂಗ ಕೇಳಿದ್ರ ಹೇಳಿಬಿಡತಿದ್ನೆಲ್ರಿ.”

“ಹೇಳತಿದ್ದಿ ತಂಗಿ,” ಎಂದರು ಮೆಹರೂನ್. “ಯಾರೂ ಕೇಳಲಿಲ್ಲ.”